ಅವ್ವನ ಪಾಲಿನ ಮಾತು

ನಮ್ಮ ಮನೆಯವರು ತೀರಿಕೊಂಡು ಐದು ತಿಂಗಳಾಯಿತು. ಹಿರೇಕೆರೂರಿನ ಈ ಮನೆಗೆ ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: ದೇವರ ಚಿತ್ತ. ಕೆಲವರು ಚಾ ಕುಡಿಯುವ ಮೊದಲು ಹೇಳಿದರು, ಕೆಲವರು ಕುಡಿದು ಕಪ್ಪು ಕೆಳಗಿಟ್ಟ ಮೇಲೆ. ನನಗೆ ಸಿಟ್ಟು ಬರಲಿಲ್ಲ. ಅದು ಸುಳ್ಳು ಎಂದೂ ಅನ್ನಲಾರೆ. ಇಷ್ಟು ವರ್ಷ ಅದೇ ಮಾತಿನ ಮೇಲೆ ಕಾಲೂರಿ ನಿಂತವಳು ನಾನು, ಈಗಲೂ ಅಲ್ಲಿಂದ ಕಾಲು ಕೀಳುವವಳಲ್ಲ. ಆದರೆ ನಾನು ಬೆಳೆದ ಮನೆಯಲ್ಲಿ ಆ ಮಾತು ಅಷ್ಟು ಸಸ್ತಾ ಇರಲಿಲ್ಲ. ಅದನ್ನು ಬಾಯಿಂದ ಆಡಲು ನಮ್ಮವ್ವನಿಗೆ ಒಂದು ವರ್ಷ ಹಿಡಿಯಿತು. ಆ ಒಂದು ವರ್ಷವನ್ನು ಬರೆದಿಡಬೇಕೆಂದು ಈಗ ಅನ್ನಿಸುತ್ತಿದೆ.

ಸವಣೂರಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಸಣ್ಣ ಮನೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರ ಹಿಂದೆ ಬೆಳಕಿಂಡಿಯಿಂದ ಒಂದು ರೊಟ್ಟಿಯಷ್ಟು ಬಿಸಿಲು ಬೀಳುವ ಅಡಿಗೆಮನೆ. ಎಡಕ್ಕೆ ಇನ್ನೊಂದು ಕತ್ತಲೆ ಕೋಣೆ. ಅಲ್ಲಿ ಕೊಯ್ದ ವೀಳ್ಯದೆಲೆಯ ಬುಟ್ಟಿಗಳನ್ನು ಒದ್ದೆ ಅರಿವೆ ಹೊದಿಸಿ ಇಡುತ್ತಿದ್ದರು. ಆ ಕೋಣೆಯ ತಂಪು ಎಲೆವಾಸನೆ ನಮ್ಮ ಹಾಸಿಗೆಗೆ, ನಮ್ಮ ಬಟ್ಟೆಗೆ, ದೇವರ ಪುಸ್ತಕಕ್ಕೂ ಹತ್ತಿತ್ತು. ಅಪ್ಪನ ಹೆಸರು ಸತ್ಯಪ್ಪ. ಊರ ಹೊರಗೆ ಒಬ್ಬ ದೇಸಾಯರ ಎಲೆತೋಟವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ. ಅವ್ವ ಶಾಂತವ್ವ ಮನೆಯಲ್ಲಿ ಕೂತು ಎಲೆ ಆರಿಸಿ ಕಟ್ಟು ಕಟ್ಟುತ್ತಿದ್ದಳು. ಅಣ್ಣ ಜೀವಪ್ಪ ನನಗಿಂತ ಮೂರು ವರ್ಷಕ್ಕೆ ದೊಡ್ಡವನು, ನಮಗೆಲ್ಲ ಜೀವು. ನಾನು ಕರುಣಾ. ಓಣಿಯಲ್ಲಿ ಅರ್ಧ ಮಂದಿ ಲಿಂಗಾಯತರು, ಅರ್ಧ ಮಂದಿ ಮುಸಲ್ಮಾನರು. ಕಿರಿಸ್ತಾನರ ಮನೆ ನಮ್ಮದೊಂದೇ. ಗುಡಿ ಗಂಟೆಯೂ ಮಸೀದಿ ಕೂಗೂ ಕೇಳುತ್ತಿದ್ದ ಊರಿನಲ್ಲಿ ನಮ್ಮ ದೇವರಿಗೆ ಒಂದು ಛಾವಣಿ ಕೂಡ ಇರಲಿಲ್ಲ. ತಿಂಗಳಿಗೊಮ್ಮೆ ಹಾನಗಲ್ಲಿನಿಂದ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಸೈಕಲ್ ತುಳಿದುಕೊಂಡು ಬಂದು ಪಡಸಾಲೆಯಲ್ಲೇ ಆರಾಧನೆ ನಡೆಸುತ್ತಿದ್ದರು. ಉಳಿದ ದಿನಗಳಿಗೆಲ್ಲ ನಮಗೆ ಇದ್ದದ್ದು ಅಜ್ಜನ ಪ್ರಾರ್ಥನೆ.

ನಾನು ಕಾಣದ ಆ ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಅಯ್ಯನವರ ದೊಡ್ಡ ಪ್ರಾರ್ಥನೆಗಳು ನೆನಪಿನಲ್ಲಿ ನಿಲ್ಲದೆ, ತನ್ನ ಮಾತಿನಲ್ಲಿ ತಾನೇ ನಾಲ್ಕು ಸಾಲು ಕಟ್ಟಿದ್ದ. ಸಂಜೆ ಕಂದೀಲು ಹಚ್ಚಿ, ಊಟದ ಗಂಗಾಳಗಳನ್ನು ಮುಂದಿಟ್ಟುಕೊಂಡು, ಮನೆಯ ಒಬ್ಬೊಬ್ಬರು ಒಂದೊಂದು ಸಾಲು ಹೇಳಬೇಕು. ಮೊದಲು ಅಪ್ಪ:

"ತಂದೀ, ಹೊತ್ತು ಮುಳುಗಿತು, ನಾವು ಮನೀಗೆ ಬಂದೇವಿ."

ಆಮೇಲೆ ಜೀವು, ರೊಟ್ಟಿಯ ಮೇಲೇ ಕಣ್ಣಿಟ್ಟು:

"ನೀ ಕೊಟ್ಟಿದ್ದು ಗಂಗಾಳದಾಗ ಐತಿ."

ಆಮೇಲೆ ಅವ್ವ:

"ನೀ ಮಾಡಿದ್ದು ನಮಗ ತಿಳೀಲಿಲ್ಲಂದ್ರೂ ನಿನಗ ತಿಳದೈತಿ."

ಕೊನೆಗೆ ನಾನು:

"ನಾಳಿನೂ ನಮ್ಮ ಕೈ ಬಿಡಬ್ಯಾಡ."

ಆಮೇಲೆ ಎಲ್ಲರೂ ಕೂಡಿ ಆಮೆನ್. ಇದಕ್ಕೆ ಅಜ್ಜ ಒಂದು ಕಟ್ಟಳೆಯನ್ನೂ ಮಾಡಿಟ್ಟಿದ್ದನಂತೆ. ಊರಿಗೆ ಹೋದವರ ಸಾಲನ್ನು ಮನೆಯ ಹಿರಿಯರು ಹೇಳಬಹುದು. ಆದರೆ ಮನುಷ್ಯ ಎದುರಿಗೆ ಕೂತಿದ್ದರೆ ಅವನ ಸಾಲನ್ನು ಇನ್ನೊಬ್ಬರು ಮುಟ್ಟಕೂಡದು. ಒಬ್ಬರ ಸಾಲು ಬೀಳದೆ ಮುಂದಿನವರು ಬಾಯಿ ತೆರೆಯುವಂತೆಯೂ ಇಲ್ಲ. ಜೀವು ಒಮ್ಮೊಮ್ಮೆ ನನ್ನನ್ನು ಕಾಡಲೆಂದೇ ತನ್ನ ಸಾಲನ್ನು ಎಳೆದೆಳೆದು ಹೇಳುತ್ತಿದ್ದ. ಅವ್ವ ಕಣ್ಣು ಮುಚ್ಚಿಕೊಂಡೇ ಅವನ ತೊಡೆ ಚಿವುಟುತ್ತಿದ್ದಳು.

ಎಲೆತೋಟದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಬಳ್ಳಿ ನುಗ್ಗೆ, ಚೊಗಚೆ ಮರಗಳನ್ನು ಹಬ್ಬಿಕೊಂಡು ಮೇಲೆ ಹೋಗುತ್ತದೆ. ವರ್ಷಕ್ಕೊಮ್ಮೆ, ಮೊದಲ ಮಳೆಗೆ ಮುಂಚೆ, ಅದನ್ನು ಇಳಿಸಬೇಕು. ಒಬ್ಬ ಏಣಿ ಹತ್ತಿ ಕಟ್ಟಿದ ನಾರು ಬಿಚ್ಚಿ ಬಳ್ಳಿಯನ್ನು ಮೆಲ್ಲಗೆ ಕೆಳಗೆ ಬಿಡುತ್ತಾನೆ. ಇನ್ನೊಬ್ಬ ಕೆಳಗೆ ನಿಂತು ಹಿಡಿದು, ಸುತ್ತಿ, ಬುಡದಲ್ಲಿ ಇಟ್ಟು ಮಣ್ಣು ಮುಚ್ಚುತ್ತಾನೆ. ತುದಿಯಷ್ಟೇ ಹೊರಗೆ. ಹೀಗೆ ಮಾಡದಿದ್ದರೆ ಬಳ್ಳಿ ಮುದಿಯಾಗಿ ಎಲೆ ಸಣ್ಣದಾಗುತ್ತದೆ. ಆದರೆ ಒಮ್ಮೆ ಬಿಚ್ಚಿದ ಬಳ್ಳಿ ಬಿಸಿಲಿಗೆ ಬಿದ್ದರೆ ಎರಡು ತಾಸಿನಲ್ಲಿ ಬಾಡುತ್ತದೆ, ಮತ್ತೆ ಏಳುವುದಿಲ್ಲ. ಅದಕ್ಕೇ ಹಿಡಿದ ಬಳ್ಳಿಸಾಲನ್ನು ಮುಗಿಸದೆ ತೋಟದಿಂದ ಹೊರಗೆ ಬರಬಾರದು ಎಂಬುದು ಎಲೆ ಬೆಳೆಯುವವರ ಮಾತು. ಏಣಿ ಮೇಲೆ ಅಪ್ಪ ಇದ್ದರೆ ಕೆಳಗೆ ರುದ್ರಪ್ಪ ಇರುತ್ತಿದ್ದ. ರುದ್ರಪ್ಪ ಅಪ್ಪನ ಜೊತೆಗಾರ. ಎತ್ತು, ಚಕ್ಕಡಿ ಅವನವೇ.

ನನಗೆ ಎಂಟು ವರ್ಷವಿದ್ದಾಗ, ಬಳ್ಳಿ ಇಳಿಸುವ ಆ ದಿನಗಳಲ್ಲೇ, ಜೀವುಗೆ ಜ್ವರ ಬಂತು. ಮೂರನೆಯ ದಿನ ಮಧ್ಯಾಹ್ನ ಅವನಿಗೆ ಕುತ್ತಿಗೆ ಹೊರಳಿಸಲು ಆಗಲಿಲ್ಲ. ಅವ್ವ ನನ್ನನ್ನು ತೋಟಕ್ಕೆ ಓಡಿಸಿದಳು. ಯಲವಿಗಿ ಟೇಶನ್ನಿನಿಂದ ಸಂಜೆಯ ರೈಲುಗಾಡಿ ಹಿಡಿದರೆ ಹುಬ್ಬಳ್ಳಿಯ ದವಾಖಾನೆ ಮುಟ್ಟಬಹುದಿತ್ತು. ನಾನು ಬೇಲಿಯ ಬಳಿ ನಿಂತು ಕೂಗಿದೆ. ಅಪ್ಪ ಏಣಿಯ ಮೇಲಿದ್ದ, ಸಾಲು ಅರ್ಧ ಬಿಚ್ಚಿತ್ತು. ರುದ್ರಪ್ಪ ಕೆಳಗಿನಿಂದಲೇ ಅಂದ:

"ಹುಡುಗರಿಗೆ ಜ್ವರಾ ಬರ್ತಾವ, ಹೋಗ್ತಾವ. ಎರಡ ತಾಸಿನ ಕೆಲಸ, ಸಾಲು ಮುಗಿಸಿ ಚಕ್ಕಡಿ ಹೂಡೂಣು."

ಅಪ್ಪ ಕೈಯಲ್ಲಿದ್ದ ಬಳ್ಳಿಯನ್ನು ನೋಡಿದ. ಆಮೇಲೆ ನನಗೆ ಹೇಳಿದ:

"ದೇವರು ನೋಡ್ಕೋತಾನಂತ ಹೇಳವಾ ನಿಮ್ಮವ್ವಗ. ಇದೊಂದ ಸಾಲು ಮುಗಿಸಿ ಬಂದಬಿಡ್ತೇನಿ."

ನಾನು ಆ ಮಾತನ್ನು ಒಳ್ಳೇ ಸುದ್ದಿಯಂತೆ ಹೊತ್ತುಕೊಂಡು ಕುಣಿಯುತ್ತ ಮನೆಗೆ ಬಂದೆ. ಅಪ್ಪ ಬಂದಾಗ ಹೊತ್ತು ಇಳಿದಿತ್ತು. ನಾವು ಯಲವಿಗಿ ಮುಟ್ಟುವುದರೊಳಗೆ ಸಂಜೆಯ ಗಾಡಿ ಹೋಗಿತ್ತು. ಮುಂಜಾನೆಯ ಗಾಡಿಗೆ ಕಾಯುತ್ತ, ಟೇಶನ್ನಿನ ಕಲ್ಲುಕಟ್ಟೆಯ ಮೇಲೆ, ಅವ್ವನ ತೊಡೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ ಜೀವು ಹೋದ. ಗಾಡಿ ಬಂತು, ಜನ ಇಳಿದರು, ಹತ್ತಿದರು, ಗಾಡಿ ಹೋಯಿತು. ನಾವು ಬಂದ ಚಕ್ಕಡಿಯಲ್ಲೇ ತಿರುಗಿದೆವು.

ಮಣ್ಣು ಮಾಡಿ ಬಂದ ಸಂಜೆ ಓಣಿಯವರು ರೊಟ್ಟಿ, ಝುಣಕ ತಂದಿಟ್ಟಿದ್ದರು. ಅಪ್ಪ ಕಂದೀಲು ಹಚ್ಚಿ ಕೂತ. ತನ್ನ ಸಾಲು ಹೇಳಿದ. ಊರಿಗೆ ಹೋದವರ ಸಾಲು ಹೇಳುವ ಹಾಗೆ ಜೀವುವಿನದನ್ನೂ ಹೇಳಿದ. ಗಂಗಾಳ ಎನ್ನುವಾಗ ದನಿ ಒಡೆಯಿತು. ಆಮೇಲೆ ಅವ್ವನ ಸರದಿ. ಅವ್ವ ತಲೆ ತಗ್ಗಿಸಿ ಕೂತಿದ್ದಳು. ನಾವು ಕಾದೆವು. ಹೊರಗೆ ಯಾರದೋ ಎಮ್ಮೆ ಮನೆಗೆ ಬಂತು, ಅದನ್ನು ಕಟ್ಟಿದ ಸಪ್ಪಳವೂ ಕೇಳಿಸಿತು. ಅವ್ವ ಬಾಯಿ ತೆರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಅಪ್ಪ ಆಮೆನ್ ಅಂದ. ನನ್ನ ಸಾಲು ನನ್ನ ಬಾಯಲ್ಲೇ ಉಳಿಯಿತು.

ಮರುದಿನವೂ ಹಾಗೇ. ವಾರವಾಯಿತು, ತಿಂಗಳಾಯಿತು. ಅವ್ವ ಅತ್ತದ್ದು ಕಡಿಮೆ. ರೊಟ್ಟಿ ಬಡಿದಳು, ಎಲೆ ಆರಿಸಿದಳು, ನನ್ನ ತಲೆ ಬಾಚಿದಳು, ಸಂಜೆ ತಪ್ಪದೆ ಬಂದು ತನ್ನ ಜಾಗದಲ್ಲಿ ಕೂತಳು. ಸಿಟ್ಟಿನಿಂದ ಎದ್ದು ಹೋಗಿದ್ದರೆ ನಮಗೆ ಹಗುರಾಗುತ್ತಿತ್ತೋ ಏನೋ, ಅವಳು ಹೋಗಲಿಲ್ಲ. ದೇವರ ಮುಂದೆ ಕೂತೇ ಸುಮ್ಮನಿದ್ದಳು. ಅವಳು ಮರೆತಿದ್ದಾಳೆಂದು ತಿಳಿದು ಒಂದು ಸಂಜೆ ನಾನು ಮೆಲ್ಲಗೆ ಅವಳ ಕಿವಿಯಲ್ಲಿ, "ನೀ ಮಾಡಿದ್ದು ನಮಗ..." ಎಂದು ಸುರು ಮಾಡಿದೆ. ಅವ್ವ ನನ್ನ ಬಾಯಿ ಮೇಲೆ ಕೈ ಇಟ್ಟಳು. ಹಿಟ್ಟಿನ ಕೈ.

"ನಂದು ನನಗಿರ್ಲಿ ಯವ್ವಾ. ನೀ ಮುಟ್ಟಬ್ಯಾಡ."

ನನ್ನ ಹೆದರಿಕೆ ಬೇರೆಯೇ ಇತ್ತು. ನಾಳೆಯೂ ಕೈ ಬಿಡಬೇಡ ಎಂದು ಬೇಡುವುದು ನನ್ನ ಪಾಲಿನ ಕೆಲಸ. ಇಷ್ಟು ದಿನವಾದರೂ ನಾನು ಬೇಡಿಲ್ಲ. ಹಾಗಾದರೆ ದೇವರು ನಮ್ಮ ಕೈ ಹಿಡಿದಿದ್ದಾನೋ ಬಿಟ್ಟಿದ್ದಾನೋ? ರಾತ್ರಿ ಹೊದ್ದ ಕೌದಿಯೊಳಗೆ ಬಾಯಿ ಮುಚ್ಚಿಕೊಂಡು ಒಬ್ಬಳೇ ಹೇಳಿಕೊಳ್ಳುತ್ತಿದ್ದೆ. ಆದರೆ ಅವ್ವನ ಸಾಲು ಬೀಳದೆ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ದಿನಾ ಮುಂಜಾನೆ ಎದ್ದು ಅವ್ವ, ಅಪ್ಪ ಇಬ್ಬರೂ ಉಸಿರಾಡುತ್ತಿದ್ದಾರೆಯೇ ಎಂದು ನೋಡಿ ಆಮೇಲೆ ಮುಖ ತೊಳೆಯುತ್ತಿದ್ದೆ.

ಅವ್ವ ಇನ್ನೊಂದನ್ನೂ ಬಿಟ್ಟಳು. ತೋಟಕ್ಕೆ ಕಾಲಿಡಲಿಲ್ಲ. ಮೊದಲೆಲ್ಲ ಅಪ್ಪನ ಬುತ್ತಿ ಒಯ್ಯುತ್ತಿದ್ದವಳು ಅವಳೇ. ಈಗ ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಎಲೆತೋಟವನ್ನು ನಮ್ಮ ಕಡೆ ಗುಡಿಯಂತೆ ನಡೆಸಿಕೊಳ್ಳುತ್ತಾರೆ. ಕೆರವು ಹೊರಗೆ ಬಿಡಬೇಕು, ಸೂತಕವಿದ್ದವರು ಒಳಗೆ ಬರಬಾರದು. ಅಪ್ಪ ನಾಲ್ಕನೆಯ ದಿನಕ್ಕೇ ತೋಟಕ್ಕೆ ಹೋದಾಗ ರುದ್ರಪ್ಪ ಗಾಬರಿಯಾಗಿ ಹನ್ನೊಂದು ದಿನ ಆ ಕಡೆ ತಲೆ ಹಾಕಲಿಲ್ಲ. ಅವ್ವ ತಿಂಗಳುಗಟ್ಟಲೆ ಹೋಗದೆ ಇದ್ದದ್ದನ್ನು ನೋಡಿ ಓಣಿಯ ಹೆಂಗಸರು ಮೆಚ್ಚಿಕೊಂಡರು. "ಗಂಡ ಕಿರಿಸ್ತಾನ ಆದ್ರೇನಾತು, ಶಾಂತವ್ವ ನಮ್ಮಂಗ ನೇಮ ಹಿಡದಾಳ" ಎಂದು ಕಟ್ಟೆಯ ಮೇಲೆ ಮಾತಾಡಿಕೊಂಡರು. ಅವ್ವ ಅದನ್ನು ಕೇಳಿಯೂ ತಿದ್ದಲಿಲ್ಲ.

ಅವಳ ಮನಸ್ಸನ್ನು ಹತ್ತಿರದಿಂದ ಊಹಿಸಿದವಳು ಹುಸೇನಬಿ ಒಬ್ಬಳೇ. ನಮ್ಮಿಂದ ಎಲೆ ಒಯ್ದು ಪೇಟೆಯಲ್ಲಿ ಮಾರುತ್ತಿದ್ದ ಮುದುಕಿ. ಬಾಯಲ್ಲಿ ಸದಾ ಎಲೆ, ನಾಲಿಗೆಯ ಮೇಲೆ ಸದಾ ಮಾತು. ಒಂದು ದಿನ ಕಟ್ಟು ಎಣಿಸುತ್ತ ಅವ್ವನಿಗೆ ಅಂದಳು:

"ನಾನೂ ಮೂರು ಕೂಸು ಮಣ್ಣಾಗ ಇಟ್ಟೇನವಾ. ಅಲ್ಲಾನ ಮರ್ಜಿ ಅಂದೆ. ಅಂದೆ ಖರೇ, ಆದ್ರ ಆ ಮನಶಾಗ ಒಂದ ವರ್ಷ ಬಿಸಿ ರೊಟ್ಟಿ ಹಾಕಲಿಲ್ಲ."

"ಯಾಕ ಹುಸೇನಮ್ಮಾ? ಅವರೇನ್ ಮಾಡಿದ್ರು?"

"ಏನೂ ಮಾಡಲಿಲ್ಲ. ಅದಕ್ಕ ಸಿಟ್ಟು! ಅಲ್ಲಾನ ಮ್ಯಾಲ ಸಿಟ್ಟಿಗೆದ್ರ ಪಾಪ. ಗಂಡನ ಮ್ಯಾಲ ಸಿಟ್ಟಿಗೆದ್ರ ಯಾವ ಪಾಪ?"

ಅವ್ವನ ತುಟಿ ಸ್ವಲ್ಪ ಅಲುಗಿತು. ನಗುವೇನೋ ಎಂದು ನಾನು ಕಾದೆ, ಆಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಅಯ್ಯನವರು ಬಂದಿದ್ದಾಗ ಸಂಜೆ ನಮ್ಮ ಜೊತೆಗೇ ಊಟಕ್ಕೆ ಕೂತರು. ಅಪ್ಪ ಬೇಡವೆನ್ನಲಾರದೆ ಪ್ರಾರ್ಥನೆ ಸುರು ಮಾಡಿದ. ಅವ್ವನ ಸರದಿಗೆ ಅದೇ ಮೌನ. ಅಯ್ಯನವರು ಒಳ್ಳೆಯವರು, ಅವರೂ ಮಕ್ಕಳನ್ನು ಕಳೆದುಕೊಂಡವರು. ಮೆತ್ತಗೆ ಹೇಳಿದರು:

"ಶಾಂತವ್ವಾ, ದೇವರ ಚಿತ್ತಕ್ಕ ತಲಿ ಬಾಗಿಸಬೇಕವಾ. ನಮ್ಮ ಕಣ್ಣಿಗೆ ಕಾಣದ ಏನೋ ಒಂದು ಉದ್ದೇಶ ಅವನಿಗಿರತೈತಿ."

ಅವ್ವ ಸೆರಗು ಸರಿಮಾಡಿಕೊಂಡಳು. ಅವಳ ದನಿ ಏರಲಿಲ್ಲ.

"ಇರತೈತ್ರಿ ಅಯ್ಯನೋರ. ಅದನ್ನ ನಾ ನಂಬೇನಿ. ನಂಬೇನಿ ಅಂತನ ದಿನಾ ಇಲ್ಲಿ ಬಂದು ಕೂಡ್ತೇನಿ. ದೇವರು ಮಾಡಿದ್ದನ್ನ ದೇವರ ಮ್ಯಾಲ ಹಾಕ್ತೇನಿ. ಆದ್ರ ಮನಶ್ಯಾ ಮಾಡಿದ್ದನ್ನ ದೇವರ ತಲಿಗೆ ಕಟ್ಟಾಕ ನನ್ನ ಬಾಯಿ ಏಳವಲ್ದು. ದೇವರು ನೋಡ್ಕೋತಾನಂತ ಹೇಳಿ ಕಳಿಸಿದ್ರು. ದೇವರಿಗೆ ಕೆಲಸಾ ಹಚ್ಚಿ, ತಾವು ಸಾಲು ಮುಗಿಸಿದ್ರು. ಈಗ 'ನೀ ಮಾಡಿದ್ದು' ಅಂತ ನಾ ಯಾರಿಗೆ ಹೇಳ್ಲಿ?"

ಅಪ್ಪ ಗಂಗಾಳ ನೋಡುತ್ತಿದ್ದ. ನಾನು ಅಪ್ಪನನ್ನು ನೋಡಿದೆ. ಆ ಮಾತನ್ನು ತೋಟದಿಂದ ಮನೆಗೆ ತಂದವಳು ನಾನೇ ಎಂಬುದು ಆಗ ನೆನಪಾಗಿ ನನಗೆ ಅನ್ನ ಸೇರಲಿಲ್ಲ. ಅಯ್ಯನವರು ಉಂಡು ಕೈ ತೊಳೆದರು. ಮರುದಿನ ಸೈಕಲ್ ಹತ್ತುವ ಮುಂಚೆ ಅಪ್ಪನ ಹೆಗಲ ಮೇಲೆ ಕೈ ಇಟ್ಟು, "ಸತ್ಯಪ್ಪಾ, ಆಕಿ ಕೇಳಿದ್ದಕ್ಕ ಉತ್ತರ ನನ್ನ ಹತ್ರ ಇಲ್ಲ, ನಿನ್ನ ಹತ್ರ ಐತಿ" ಅಂದದ್ದು ಕಟ್ಟೆಯ ಮೇಲಿದ್ದ ನನಗೆ ಕೇಳಿಸಿತು.

ಅಪ್ಪ ತೋಟದ ಹಾದಿ ಹಿಡಿದ. ಅವನು ಕೆಟ್ಟವನಲ್ಲ, ಮಾತು ಕಡಿಮೆಯ ಮನುಷ್ಯ. ಮಗ ಹೋದದ್ದು ದೇವರ ಚಿತ್ತ ಎಂದುಕೊಂಡರೆ ಏಣಿ ಹತ್ತಲು ಬರುತ್ತಿತ್ತು. ತನ್ನಿಂದ ಎಂದುಕೊಂಡರೆ ಬರುತ್ತಿರಲಿಲ್ಲ. ಇದು ನನಗೆ ಈಗ ತಿಳಿಯುತ್ತದೆ. ಆಗ ನನಗೆ ತಿಳಿದದ್ದು ಇಷ್ಟೇ: ಅಪ್ಪ ರಾತ್ರಿಯ ಊಟ ಕಡಿಮೆ ಮಾಡಿದ್ದ, ಮತ್ತು ರೊಟ್ಟಿ ಮಾತ್ರ ನಮ್ಮ ಮನೆಯಲ್ಲಿ ಬಿಸಿಯಾಗೇ ಬೀಳುತ್ತಿತ್ತು.

ವರ್ಷ ತಿರುಗಿ ಬಳ್ಳಿ ಇಳಿಸುವ ದಿನಗಳು ಬಂದವು. ಆರನೆಯ ದಿನಕ್ಕೋ ಏಳನೆಯ ದಿನಕ್ಕೋ ನನಗೆ ಚಳಿ ಹತ್ತಿತು. ಮೈ ಸುಟ್ಟಿತು. ನನಗಂತೂ ಆಶ್ಚರ್ಯವೇ ಆಗಲಿಲ್ಲ. ಒಂದು ವರ್ಷ ಬೇಡದೆ ಇದ್ದದ್ದಕ್ಕೆ ಕೈ ಬಿಟ್ಟನಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಮಧ್ಯಾಹ್ನಕ್ಕೆ ಅವ್ವ ನನ್ನನ್ನು ಹುಸೇನಬಿಯ ತೊಡೆಗೆ ಹಾಕಿ ಹೊರಗೆ ಹೋದಳು. ತೋಟದಲ್ಲಿ ನಡೆದದ್ದನ್ನು ಆಮೇಲೆ ರುದ್ರಪ್ಪ ಎಷ್ಟೋ ಸಲ ಎಷ್ಟೋ ಮಂದಿಗೆ ಹೇಳಿದ. ಅವ್ವ ತೋಟದ ಬೇಲಿಯ ಹೊರಗೆ ಬಂದು ನಿಂತಳಂತೆ. ಕರೆಯಲಿಲ್ಲ, ಕೈ ಬೀಸಲಿಲ್ಲ, ಬರೀ ನಿಂತಳು. ಅಪ್ಪ ಏಣಿಯ ಮೇಲಿದ್ದ. ಸಾಲು ಅರ್ಧ ಬಿಚ್ಚಿತ್ತು.

"ಏ ಸತ್ಯಪ್ಪ, ಎಲ್ಲಿಗೆ ಇಳೀತಿ? ಮಣ್ಣು ಕೊಟ್ಟು ಹೋಗೂಣು, ಬಳ್ಳಿ ಸಾಯ್ತಾವ!"

"ಸಾಯ್ಲಿ. ಎತ್ತು ಹೂಡು."

"ಹುಚ್ಚು ಹಿಡೀತೇನು? ದೇಸಾಯರಿಗೆ ಏನಂತ ಹೇಳ್ತಿ?"

"ನಾ ಹೇಳ್ತೇನಿ. ನೀ ಎತ್ತು ಹೂಡು ಅಂದ್ನಿ."

ಅಪ್ಪ ಕೈಯ ಮಣ್ಣು ಕೂಡ ತೊಳೆಯದೆ ಚಕ್ಕಡಿ ಹತ್ತಿದ. ಮನೆಗೆ ಬಂದು ನನ್ನನ್ನು ಎತ್ತಿಕೊಂಡು ಯಲವಿಗಿಯ ದಾರಿ ಹಿಡಿದರು. ದಾರಿಯುದ್ದಕ್ಕೂ ರುದ್ರಪ್ಪ ಎತ್ತಿಗೆ ಬೈಯುತ್ತ, ಬೈಗಳದ ನಡುವೆ ಬಳ್ಳಿಗಳ ನೆನಪು ತೆಗೆಯುತ್ತ ಇದ್ದ. ಯಲವಿಗಿ ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ಗಾಡಿ ಬರಲು ಒಂದು ತಾಸಿದೆ ಎಂದರು. ಅವ್ವ ಕಲ್ಲುಕಟ್ಟೆಯ ಕಡೆ ನೋಡದೆ ನೆಲಕ್ಕೆ ಕೌದಿ ಹಾಸಿ ನನ್ನನ್ನು ಮಲಗಿಸಿದಳು. ಅಲ್ಲಿಯೇ ನನಗೆ ಬೆವರು ಬಿಟ್ಟಿತು. ಲಂಗ ನೆನೆಯುವಷ್ಟು ಬೆವರು. ಸ್ವಲ್ಪ ಹೊತ್ತಿಗೆ ಎದ್ದು ಕೂತೆ. ಒಬ್ಬ ಬುಟ್ಟಿಯಲ್ಲಿ ನಮ್ಮೂರಿನ ಕುರುಕಲು ಖಾರ ಮಾರುತ್ತ ಹೋಗುತ್ತಿದ್ದ.

"ಅವ್ವಾ, ನನಗ ಖಾರಾ ಕೊಡಸ."

ಅವ್ವ ನನ್ನ ಹಣೆ ಮುಟ್ಟಿದಳು. ಕುತ್ತಿಗೆ ಹಿಡಿದು ಆ ಕಡೆ ಈ ಕಡೆ ಹೊರಳಿಸಿದಳು. ಅದು ಹೊರಳಿತು. ಆಮೇಲೆ ನಗಲು ಸುರು ಮಾಡಿದಳು. ಒಂದು ವರ್ಷದ ನಗೆಯೆಲ್ಲ ಒಮ್ಮೆಲೇ ಬಂದ ಹಾಗೆ ನಕ್ಕಳು, ನಗುತ್ತಲೇ ಅದು ಅಳುವಾಯಿತು. ರುದ್ರಪ್ಪ ತಲೆ ಚಚ್ಚಿಕೊಂಡ.

"ಖಾರಾ ತಿನ್ನಾಕ ಒಂದ ಸಾಲು ಬಳ್ಳಿ ಕೊಂದಂಗಾತಲ್ಲೋ ಸತ್ಯಪ್ಪಾ!"

ಅಪ್ಪ ನಗಲಿಲ್ಲ. ಅವ್ವನ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ರುದ್ರಪ್ಪ ಇದ್ದಾನೆ, ಮಂದಿ ನೋಡುತ್ತಾರೆ ಎಂದು ನೋಡಲಿಲ್ಲ.

"ಹ್ವಾದ ವರ್ಷ ತಡಾ ಮಾಡಿದವ ನಾನು, ಶಾಂತಾ. ದೇವರಲ್ಲ. ದೇವರ ಹೆಸರು ಹೇಳಿದೆ, ಬಳ್ಳಿ ನೋಡಿದೆ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. 

"ಇಷ್ಟ ಮಾತಿಗೆ ಒಂದ ವರ್ಷ ಬೇಕಾತೇನ್ರಿ?"

"ಬೇಕಾತು."

"ಅವತ್ತ ಗಾಡಿ ಸಿಕ್ಕಿದ್ರ ಉಳೀತಿತ್ತೋ ಇಲ್ಲೋ, ಅದು ನನಗೂ ಗೊತ್ತಿಲ್ರಿ. ನಿಮಗೂ ಗೊತ್ತಿಲ್ಲ. ನಿಮ್ಮದು ಎಷ್ಟೋ ಅಷ್ಟು ನೀವು ಹೊತ್ಕೊಂಡ್ರಲ್ಲ, ಸಾಕು. ಉಳಿದದ್ದು ಅವಂದು."

ಗಾಡಿ ಬಂತು. ಬಂದಾಗಿದೆ, ತೋರಿಸಿಯೇ ಹೋಗೋಣ ಎಂದು ಅಪ್ಪ ಹಟ ಹಿಡಿದು ಹುಬ್ಬಳ್ಳಿಗೆ ಕರೆದೊಯ್ದ. ಡಾಕ್ಟರು ಚಳಿಜ್ವರ ಎಂದು ಕಹಿ ಔಷಧ ಕೊಟ್ಟರು. ಮೂರನೆಯ ದಿನ ಮನೆಗೆ ಬಂದೆವು. ಬಿಚ್ಚಿದ ಬಳ್ಳಿಯೆಲ್ಲ ಕಪ್ಪಾಗಿ ಹಗ್ಗದಂತೆ ಬಿದ್ದಿತ್ತು. ದೇಸಾಯರು ಅಪ್ಪನನ್ನು ಕರೆಸಿ ಹತ್ತು ಮಂದಿಯ ಮುಂದೆ ಬೈದರು. ಅಪ್ಪ ನಿಂತು ಕೇಳಿ ಬಂದ. ಹೊಸ ಬಳ್ಳಿ ನೆಟ್ಟು ಆ ಸಾಲು ಮತ್ತೆ ಎಲೆ ಬಿಡಲು ಎರಡು ವರ್ಷ ಹೋದವು.

ನಾನು ದೇವರ ಉದ್ದೇಶವನ್ನು ನಂಬಿದವಳು. ಈ ಐದು ತಿಂಗಳಲ್ಲೂ ಆ ನಂಬಿಕೆ ನನ್ನನ್ನು ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಆದರೆ ನಂಬುವ ಮೊದಲು ನನ್ನ ಕೈಯ ತಪ್ಪನ್ನು ನನ್ನ ಕಡೆಗೇ ಇಟ್ಟುಕೊಳ್ಳಬೇಕು ಎಂಬುದನ್ನು ಕಲಿತದ್ದು ಆ ಪಡಸಾಲೆಯಲ್ಲಿ. ಅಪ್ಪ ದೇಸಾಯರ ವಾಡೆಯಿಂದ ಬಂದ ಆ ಸಂಜೆ ಅವ್ವ ಪುಂಡಿಪಲ್ಲೆ ಮಾಡಿದ್ದಳು. ಅಪ್ಪ ತನ್ನ ಸಾಲು ಹೇಳಿದ, ಜೀವುವಿನದನ್ನು ಹೇಳಿದ. ಅವ್ವ ಕಣ್ಣು ಮುಚ್ಚಿದಳು.

"ನೀ ಮಾಡಿದ್ದು ನಮಗ ತಿಳೀಲಿಲ್ಲಂದ್ರೂ ನಿನಗ ತಿಳದೈತಿ."

ದನಿ ನಡುಗಲಿಲ್ಲ. ಈಗ ನನ್ನ ಸರದಿ. ವರ್ಷದಿಂದ ಬಾಯಲ್ಲಿ ಇಟ್ಟುಕೊಂಡ ಮಾತು.  ಇಬ್ಬರೂ ನನಗಾಗಿ ಕಾದರು. ನಾನು ಬೇಗ ಬೇಗನೆ, ಯಾರೋ ಕಸಿದುಕೊಳ್ಳುತ್ತಾರೆ ಎನ್ನುವ ಹಾಗೆ ಹೇಳಿಬಿಟ್ಟೆ. ಆಮೆನ್ ಅನ್ನಲು ಅಪ್ಪ ಬಾಯಿ ತೆರೆದಿದ್ದ. ಅವ್ವ ನಡುವೆ ಕೇಳಿದಳು:

"ಇನ್ನ ಎಷ್ಟು ಸಾಲು ಉಳದಾವ್ರಿ?"

"ಹದಿನಾಲ್ಕು. ರುದ್ರಪ್ಪ ಮುನಿಸಿಕೊಂಡಾನ, ನಾಳೆ ಬರ್ತಾನೋ ಇಲ್ಲೋ."

"ಬರದಿದ್ರ ಬಿಡ್ರಿ. ನೀವು ಏಣಿ ಹತ್ರಿ, ಕೆಳಗ ನಾ ಹಿಡೀತೇನಿ. ಬಿಸಲು ಏರೂದ್ರಾಗ ಒಂದು ಸಾಲು ಆಗತೈತಿ."

ಅಪ್ಪ ಅವಳನ್ನೇ ನೋಡಿದ. ಆಮೇಲೆ ಮೂವರೂ ಆಮೆನ್ ಅಂದೆವು. ಅವ್ವ ರೊಟ್ಟಿ ಮುರಿದಳು.